ಹಾಗೇ ಒಂಚೂರು

ಜೂನ್ 3, ಮಂಗಳವಾರ

ಬಾಯಿ ಬಿಟ್ಟರೆ ಬೈಗುಳವೇ ಬರುತ್ತದೆ. ಆಸ್ಪತ್ರೆಯಲ್ಲಿ ನರ್ಸಮ್ಮನಿಗೆ ಬೈದೆ, ಕೆಟ್ಟು ನಿಂತ ಲಿಫ್ಟಿಗೆ ಬೈದೆ, ಬಾಗಿಲಿಗೆ ಒದ್ದು ಕಾಲ್ಬೆರಳು ಊದಿಸಿಕೊಂಡೆ. ಇವರ ತಂಗಿ, ನನ್ನ ನಾದಿನಿ, "ಅತ್ತಿಗೆ, ಒಂದ್ಕಡೆ ಕೂತು ಬರ್ಕೊಳ್ಳಿ. ಕಾಗದಕ್ಕೆ ಬೈದ್ರೆ ಅದೇನೂ ಅಂದ್ಕೊಳ್ಳಲ್ಲ" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ಇವರು ಮರದಿಂದ ಬಿದ್ದರು. ಮದುವೆಗೆ ಮುಂಚಿನಿಂದ ಮರ ಹತ್ತುವವರು. ಒಣ ಕೊಂಬೆ ಇಳಿಸುವುದು, ಸೀಕು ಹಿಡಿದ ಮರಕ್ಕೆ ಮದ್ದು ಮಾಡುವುದು, ಉಳಿಯದ ಮರವನ್ನು ತುದಿಯಿಂದ ತುಂಡು ತುಂಡಾಗಿ ಇಳಿಸುವುದು ನಮ್ಮ ಕಸುಬು. ಇವರು ಮೇಲೆ, ನಾನು ಮತ್ತು ನಾದಿನಿ ಕೆಳಗೆ ಹಗ್ಗ ಹಿಡಿದು. ಮೇಲಿರುವವರ ಬೆಲ್ಟಿಗೆ ಮರಕ್ಕೆ ಸಿಕ್ಕಿಸುವ ಎರಡು ಹಗ್ಗ, ಒಂದೊಂದರ ತುದಿಗೂ ಕೊಂಡಿ. ಒಂದನ್ನು ಬಿಚ್ಚುವ ಮುಂಚೆ ಇನ್ನೊಂದನ್ನು ಹಾಕಿರಬೇಕು. ಕೊಂಡಿ ಬದಲಿಸುವಾಗ ಕೆಳಗಿನವರು ಕೆಮ್ಮುವ ಹಾಗೂ ಇಲ್ಲ. ನಮ್ಮಲ್ಲಿ ಇದೊಂದೇ ಕಟ್ಟುಪಾಡು.

ಆ ಮನೆಯವನಿಗೆ ನಾವು ಇಟ್ಟ ಹೆಸರು ಹಾಗೇ-ಒಂಚೂರು. ಒಂದು ಕೊಂಬೆ ಕಡಿಯಲು ಕರೆಯುತ್ತಾನೆ, ಹೋದ ಮೇಲೆ "ಹಾಗೇ ಒಂಚೂರು ಆ ಬಳ್ಳಿ ನೋಡಿ, ಹಾಗೇ ಒಂಚೂರು ಈ ಕುಂಡ ನೋಡಿ" ಎಂದು ಇಡೀ ತೋಟ ತೋರಿಸುತ್ತಾನೆ. ಇವರು ಒಂದು ದಿನವೂ ಇಲ್ಲ ಎಂದವರಲ್ಲ. ಶನಿವಾರ ಅಂಗಳದ ದೊಡ್ಡ ಮರದ ಮೇಲೆ ಇವರು ಕೊಂಡಿ ಬದಲಿಸುತ್ತಿದ್ದಾಗ ಅವನು ವರಾಂಡದಿಂದ ಕೂಗಿದ: "ಹಾಗೇ ಒಂಚೂರು, ಅಲ್ಲಿಂದಲೇ ಆ ಗೋಡೆ ಪಕ್ಕದ ಮರ ಹೇಗಿದೆ ನೋಡಿ ಹೇಳ್ಬಿಡಿ." ಇವರು ತಿರುಗಿದರು. ಇದ್ದ ಇನ್ನೊಂದು ಕೊಂಡಿಯನ್ನೂ ತೆಗೆದು, ಬಗ್ಗಿ, ಏನೋ ಹೇಳಲು ಬಾಯಿ ತೆರೆದರು. ಆಮೇಲೆ ನೆಲದ ಮೇಲಿದ್ದರು.

ಮನುಷ್ಯ ಬಿದ್ದ ಸದ್ದು ಕೊಂಬೆ ಬಿದ್ದ ಸದ್ದಿನ ಹಾಗೇ ಇರುತ್ತದೆ. ನಾನು ಒಂದು ಗಳಿಗೆ ಕೊಂಬೆ ಎಂದೇ ಅಂದುಕೊಂಡೆ. ಅವನು ಬಂದು, "ನಾನು ಸುಮ್ನೆ ಕೇಳ್ದೆ ಅಷ್ಟೇ" ಎಂದ. ನನ್ನ ಸೊಂಟದಲ್ಲಿ ರೆಂಬೆ ಕತ್ತರಿ ಇತ್ತು. ಆ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದೆಳೆದು ಬುಡಕ್ಕೆ ಕತ್ತರಿ ಹಾಕಬೇಕಿತ್ತು. ನಾದಿನಿ ನನ್ನ ರಟ್ಟೆ ಹಿಡಿದುಕೊಂಡಿದ್ದಳು.

ಜೂನ್ 9

ಮನೆಗೆ ಕರೆತಂದೆವು. ಮುಂದಿನ ಕೋಣೆಯಲ್ಲಿ ಮಂಚ ಹಾಕಿದ್ದೇವೆ. ಸೊಂಟದ ಮೂಳೆ ಮುರಿದಿದೆ, ಬಲಗಾಲಿಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಮುಂದೆ ಕೋಲು ಹಿಡಿದು ನಡೆಯಬಹುದು, ಮರದ ಮಾತು ಮರೆತುಬಿಡಿ ಎಂದರು ಡಾಕ್ಟರು. ಅಷ್ಟು ಹೇಳಿ ಫೈಲು ಮುಚ್ಚಿ, "ಅಂದಹಾಗೆ, ನಮ್ಮನೆ ನಿಂಬೆ ಗಿಡದ ಎಲೆ ಮುದುಡ್ಕೊಳ್ತಿದೆ, ಏನ್ ಹಾಕ್ಬೇಕು?" ಎಂದರು. ಇವರು ಮಲಗಿದಲ್ಲೇ ಉತ್ತರ ಕೊಟ್ಟರು. ಕೈಗೆ ಸೂಜಿ ಚುಚ್ಚಿತ್ತು, ಆ ಕೈಯಲ್ಲೇ ಎಲೆ ಹೇಗೆ ಮಗುಚಿ ನೋಡಬೇಕು ಎಂದು ತೋರಿಸಿದರು.

ಮನೆಗೆ ಬಂದರೆ ಫೋನು. ಬಿದ್ದ ಸುದ್ದಿ ಎಲ್ಲರಿಗೂ ಗೊತ್ತು. "ಪಾಪ, ಹೇಗಿದೀರಿ" ಎಂದು ಶುರು, "ನಮ್ಮ ಮರದಲ್ಲಿ ಅಂಟು ಇಳೀತಿದೆ" ಎಂದು ಮುಕ್ತಾಯ. ಸಂಜೆಯೊಳಗೆ ಮೂರು ಜನ ಫೋಟೋ ಕಳಿಸಿದರು. ಇವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತಾ ಕೂತರು.

"ರೀ, ಫೋನ್ ಇಡಿ" ಎಂದೆ.

"ಕೇಳ್ತಾರೆ, ಹೇಳೋದು. ಬಾಯಿಮಾತಿಗೇನು ಹೋಗುತ್ತೆ?"

"ನಿಮ್ಮ ಸೊಂಟ ಹೋಯ್ತು."

ಇವರು ನಕ್ಕರು. ನಕ್ಕು ನಾಲ್ಕನೇ ಫೋನು ಎತ್ತಿ, "ಹೇಳಿ ಸಾರ್, ಅದೇನೂ ತೊಂದ್ರೆ ಇಲ್ಲ" ಎಂದರು. ನಾನು ಕೆನ್ನೆಗೆ ಹೊಡೆದೆ. ಮೆಲ್ಲಗೆ ಅಲ್ಲ, ಹಗ್ಗ ಹಿಡಿದು ಗಟ್ಟಿಯಾದ ಕೈ ಇದು. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಎದ್ದು ತಿರುಗಿ ಹೊಡೆಯಲಿ ಎಂದು ಅಲ್ಲೇ ನಿಂತಿದ್ದೆ. ಇವರು ಏಳುವುದು ಹೇಗೆ?

ಜೂನ್ 12

ಇವರು ಮಾತಾಡಿಲ್ಲ. ಕನ್ನಡಕದ ಕಾಲಿಗೆ ನಾದಿನಿ ದಾರ ಸುತ್ತಿಕೊಟ್ಟಿದ್ದಾಳೆ. ನನಗೆ ಪಶ್ಚಾತ್ತಾಪವಿಲ್ಲ ಎಂದು ಬರೆಯಲು ಕೂತೆ. ಬರೆದದ್ದಾಯಿತು.

ಜೂನ್ 20

ಇವತ್ತು ನಾನೇ ಹತ್ತಿದೆ. ಎಷ್ಟು ದಿನ ಅಂತ ಕೆಲಸ ಬಿಟ್ಟು ಕೂರುವುದು? ಹೊರಡುವಾಗ ಇವರು ಮೊದಲ ಸಲ ಬಾಯಿ ಬಿಟ್ಟರು. "ಬೆಲ್ಟು ಇನ್ನೊಂದು ತೂತು ಬಿಗಿ ಮಾಡ್ಕೊ" ಎಂದರು. ಅಷ್ಟೇ.

ಟೀಚರಮ್ಮನ ಮನೆ. ಹೆಂಚಿನ ಮಾಡಿನ ಮೇಲೆ ಬಂದಿದ್ದ ಕೊಂಬೆ. ಅರ್ಧ ಹತ್ತುವಾಗಲೇ ಎರಡು ಸಲ ನಿಂತು ಬೆಲ್ಟು ಮುಟ್ಟಿ ನೋಡಿಕೊಂಡೆ. ಆದರೆ ಮಿಷನ್ನಿನ ಗರಗಸ ಮರಕ್ಕೆ ಇಳಿದಾಗ ಮೈಯೆಲ್ಲ ಹಗುರವಾಯಿತು. ಪ್ರತಿ ಕೊಂಬೆಯೂ ಹಾಗೇ-ಒಂಚೂರಿನ ತೋಳು ಎಂದುಕೊಂಡೆ. ಇದು ಮೊಣಕೈ, ಇದು ಭುಜ. ನಾದಿನಿ ಕೆಳಗಿನಿಂದ, "ಅತ್ತಿಗೆ, ಕೊಂಬೆ ನೋಡಿ ಯಾಕೆ ಹಲ್ಲು ಕಿರೀತಿದೀರಿ?" ಎಂದಳು.

ಇಳಿದ ಮೇಲೆ ಟೀಚರಮ್ಮ ಗೇಟಿನ ಹತ್ತಿರ ನಿಂತು, "ಹೇಗೂ ಬಂದಿದೀರಿ, ಈ ಗಿಡ ಯಾಕೆ ಬಾಡ್ತಿದೆ ಹೇಳ್ಬಿಡಿ" ಎಂದರು.

"ಹೇಳೋದಕ್ಕೆ ಬೇರೆ ಫೀಸು" ಎಂದೆ. "ನೀವು ಮಕ್ಕಳಿಗೆ ಬೀದೀಲಿ ನಿಂತು ಪುಕ್ಕಟೆ ಪಾಠ ಹೇಳ್ತೀರಾ?"

ಅವರ ಮುಖ ಇಷ್ಟು ಸಣ್ಣದಾಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ನನಗೆ. ಗಿಡಕ್ಕೆ ಯಾವ ಕಾಲದಲ್ಲೋ ಬೋರ್ಡು ನೇತುಹಾಕಲು ತಂತಿ ಬಿಗಿದಿದ್ದರು. ಅದು ತೊಗಟೆಯೊಳಗೆ ಇಳಿದು ಕತ್ತು ಹಿಸುಕುತ್ತಿತ್ತು. ನೋಡಲಾಗದೆ ಕಟಿಂಗ್ ಪ್ಲೇಯರ್ ತೆಗೆದು ತಂತಿ ಕತ್ತರಿಸಿ ಬಿಸಾಡಿ ಬಂದೆ. ಸಲಹೆ ಮಾತ್ರ ಒಂದಕ್ಷರ ಕೊಡಲಿಲ್ಲ.

ಜುಲೈ 2

ಹಾಗೇ-ಒಂಚೂರು ಇವತ್ತು ನಮ್ಮ ಮನೆಗೇ ಬಂದ. ಒಂದು ಗೊನೆ ಬಾಳೆಹಣ್ಣು ತಂದಿದ್ದ. ಇವರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನಿಟ್ಟುಸಿರು ಬಿಟ್ಟು, ಎರಡು ಹಣ್ಣು ತಾನೇ ತಿಂದು, ಕೊನೆಗೆ, "ಅವತ್ತು ಏನೋ ಹೇಳಕ್ಕೆ ಹೊರಟಿದ್ರಿ. ಆ ಗೋಡೆ ಪಕ್ಕದ ಮರದ ವಿಷ್ಯ" ಎಂದ.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಈಳಿಗೆಮಣೆ ಇತ್ತು.

ಇವರು ಹಣೆ ಉಜ್ಜಿಕೊಂಡರು. "ಏನೋ ಕಂಡಿತ್ತು ಸಾರ್. ಬಿದ್ದಮೇಲೆ ಅದೊಂದು ಅಳಿಸಿಹೋಗಿದೆ. ಎಷ್ಟು ತಿಣುಕಿದ್ರೂ ನೆನಪಾಗ್ತಿಲ್ಲ." ನನ್ನ ಕಡೆ ತಿರುಗಿ, "ಒಂದ್ಸಲ ಹೋಗಿ ತಟ್ಟಿ ನೋಡಿ ಬಾ" ಎಂದರು.

ಹೊಡೆದ ದಿನದಿಂದ ಇವರು ನನ್ನನ್ನು ಏನನ್ನೂ ಕೇಳಿರಲಿಲ್ಲ. ಮರದ ಸುತ್ತಿಗೆ ತೆಗೆದುಕೊಂಡು ಅವನ ಜೊತೆ ಹೋದೆ. ದಾರಿಯಲ್ಲಿ ಅವನು, "ಇದಕ್ಕೇನೂ ಕೊಡೋದಿರಲ್ಲ ಅಲ್ವಾ? ನೋಡೋದಷ್ಟೇ ತಾನೇ?" ಎಂದ. ಆ ಸುತ್ತಿಗೆಯನ್ನು ಅವನ ಬೋಳುತಲೆಗೆ ತಟ್ಟಿ ಮೊದಲು ಅದರ ಸದ್ದು ಕೇಳೋಣ ಎನ್ನಿಸಿತು.

ಮರ ತಟ್ಟುವುದನ್ನು ಇವರೇ ಕಲಿಸಿದ್ದು. ಬುಡದಿಂದ ಶುರುಮಾಡಿ ಸುತ್ತಲೂ ತಟ್ಟುತ್ತಾ ಹೋಗಬೇಕು. ಗಟ್ಟಿ ಮರ ಪೆಟ್ಟನ್ನು ಹಾಗೇ ವಾಪಸು ಕೊಡುತ್ತದೆ. ಟೊಳ್ಳು ಮರ ಪೆಟ್ಟನ್ನು ನುಂಗಿ ಡೋಲಿನ ಹಾಗೆ ಒಳಗಿನಿಂದ ಗುಡುಗುತ್ತದೆ. ಈ ಮರ ಅಂಗಳದ ಕಡೆ ಗಟ್ಟಿ. ಗೋಡೆಯ ಕಡೆ ತಟ್ಟಿದೆ, ಡೋಲು. ಇನ್ನೊಂದು ಗೇಣು ಆಚೆ ತಟ್ಟಿದೆ, ಡೋಲು. ಬಗ್ಗಿ ನೋಡಿದರೆ ಬೇರಿನ ಸಂದಿಯಲ್ಲಿ ಕಂದು ಅಣಬೆ, ಮುರಿದ ತಟ್ಟೆಗಳನ್ನು ಜೋಡಿಸಿಟ್ಟ ಹಾಗೆ. ಮರ ವಾಲಿರುವುದು ಪಕ್ಕದ ಕೋಣೆಯ ಮಾಡಿನ ಮೇಲೆ. ಕಿಟಕಿಯಲ್ಲಿ ಮಂಚ ಕಂಡಿತು.

"ಮಧ್ಯಾಹ್ನ ಇಲ್ಲೇ ಮಲಗ್ತೀನಿ. ತಂಪು" ಎಂದ. "ಹೇಗಿದೆ ಮರ?"

"ಒಳ್ಳೆ ಮರ" ಎಂದೆ. "ನಿಶ್ಚಿಂತೆಯಾಗಿ ಮಲಗಿ."

ಅವನಿಗೆ ಖುಷಿಯೋ ಖುಷಿ. ನನಗೂ. ಬಿಟ್ಟಿ ಕೇಳಿದ, ಬಿಟ್ಟಿ ಕೊಟ್ಟೆ. ಜೋರು ಗಾಳಿಯ ತಿಂಗಳು ಬರುತ್ತಿದೆ. ಆ ಮರ ಮಾಡನ್ನು ಸೀಳಿ ಅವನ ಎದೆಗೂಡಿನ ಮೇಲೆ ಕೂರಲಿ. ಮೂಳೆ ಮುರಿಯುವುದು ಎಂದರೇನು ಎಂದು ತಿಳಿಯಲಿ. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

"ಸದ್ದು ಹೇಗಿತ್ತು?" ಎಂದರು ಇವರು.

"ಗಟ್ಟಿ."

"ಸುತ್ತ ತಟ್ಟಿದ್ಯಾ?"

"ಸುತ್ತಲೂ ತಟ್ಟಿದೆ."

ಇವರು ಹುಬ್ಬು ಗಂಟಿಕ್ಕಿ ಚಾವಣಿ ನೋಡಿದರು. "ಹಾಗಾದ್ರೆ ನಾನು ಕಂಡಿದ್ದು ಏನು?" ಎಂದು ತಮಗೆ ತಾವೇ ಕೇಳಿಕೊಂಡರು.

ಜುಲೈ 10

ರಸ್ತೆ ಬದಿಯ ಕೆಲಸ. ಕಡಿದ ರೆಂಬೆಗಳನ್ನು ಪುಡಿ ಮಾಡುವ ಮಿಷನ್ನಿಗೆ ತಳ್ಳುತ್ತಿದ್ದೆವು. ಒಬ್ಬ ಕಾರು ನಿಲ್ಲಿಸಿ, ಕಿಟಕಿಯಿಂದ ಕೈ ಚಾಚಿ, "ಒಂದ್ನಿಮಿಷ ಬನ್ನಿ ಇಲ್ಲಿ, ಇದು ನೋಡಿ ಹೇಳಿ" ಎಂದು ಫೋನಿನಲ್ಲಿ ಮರದ ಫೋಟೋ ಹಿಡಿದ. ಇಳಿಯಲೂ ಇಲ್ಲ. ಕೆಲಸ ಇದೆ ಎಂದೆ. "ಅರೆ, ಹೇಳೋದಕ್ಕೇನ್ರೀ ಗಂಟು ಹೋಗೋದು" ಎಂದ.

ಫೋನು ಇಸಿದುಕೊಂಡೆ, ನೋಡಿದೆ, ಮಿಷನ್ನಿನ ಬಾಯಿಗೆ ಹಾಕಿದೆ. ಕರಕರ ಎಂದು ಅಗಿದು ಆ ಕಡೆ ಉಗುಳಿತು. ಅವನು ಈಗ ಇಳಿದ. ನನ್ನ ಕೈಯಲ್ಲಿ ಕೊಡಲಿ ನೋಡಿ ಪುನಃ ಹತ್ತಿದ. "ಬುಡಕ್ಕೆ ಏರಿಸಿರೋ ಮಣ್ಣು ತೆಗಿಯೋ, ಮರ ಉಸಿರುಕಟ್ಟಿ ಸಾಯ್ತಿದೆ" ಎಂದು ಕಾರಿನ ಹಿಂದೆ ಕೂಗಿದೆ.

ನಾದಿನಿ ರಸ್ತೆಯಲ್ಲೇ ಕೂತು ನಕ್ಕಳು. "ಫೋನಿನ ದುಡ್ಡು ಕಟ್ಟಿಕೊಡೋದು ನಾವು, ಸಲಹೆನೂ ಪುಕ್ಕಟೆ. ಅಣ್ಣನೇ ವಾಸಿ ಅತ್ತಿಗೆ."

ಅದು ಸಲಹೆ ಅಲ್ಲ, ಬೈಗುಳ. ಇವಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಜುಲೈ 18

ಗಾಳಿ ಇಲ್ಲ.

ಜುಲೈ 19

ಇವತ್ತೂ ಇಲ್ಲ. ಎಲೆ ಅಲ್ಲಾಡುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಗೆ ಹೋಗಿ ನೋಡುತ್ತೇನೆ. ಇವರು ನನ್ನನ್ನೇ ನೋಡುತ್ತಿರುತ್ತಾರೆ.

ಜುಲೈ 23

ಕೆಲಸ ಮುಗಿಸಿ ಬರುವಾಗ ಹಾಗೇ-ಒಂಚೂರಿನ ಬೀದಿಯಲ್ಲಿ ಬಂದೆ. ಸುತ್ತು ದಾರಿ, ಆದರೆ ನೆರಳಿದೆ. ಆತ ಗೇಟಿನಲ್ಲಿದ್ದ. "ಬನ್ನಿ ಬನ್ನಿ. ಎಲ್ಲರ ಹತ್ರ ನಿಮ್ಮ ವಿಷ್ಯ ಹೇಳ್ತಿರ್ತೀನಿ. ಗಂಡಂಗಿಂತ ಹೆಂಡ್ತಿ ಕಿವಿ ಚುರುಕು ಅಂತ" ಎಂದ. ಅವನ ಹಲ್ಲು ಉದುರಿಸಲು ಕೈ ತುರಿಸಿತು.

ನೀರು ಕೇಳಿದೆ. ಆತ ತರಲು ಒಳಗೆ ಹೋದಾಗ ಮರದ ಹತ್ತಿರ ಹೋದೆ. ವಾಲಿದ ದಿಕ್ಕಿಗೆ ಎದುರು ಬದಿಯಲ್ಲಿ ನೆಲ ಬಿರುಕು ಬಿಟ್ಟಿದೆ. ಬೆರಳು ಇಟ್ಟೆ, ಎರಡನೇ ಗೆಣ್ಣಿನ ತನಕ ಹೋಯಿತು. ಬೇರು ನೆಲ ಬಿಡುತ್ತಿದೆ. ಆತ ಲೋಟ ಹಿಡಿದು ಬಂದ. ಜೊತೆಗೆ ಒಂದು ತಟ್ಟೆಯಲ್ಲಿ ಬಿಸ್ಕತ್ತು. ಆ ದೊಡ್ಡ ಮನೆಯಲ್ಲಿ ಒಬ್ಬನೇ ಇರುತ್ತಾನೆ ಎಂದು ಕಾಣುತ್ತದೆ. ನಾನು ನೀರು ಕುಡಿಯುವಷ್ಟು ಹೊತ್ತೂ ಮಾತಾಡಿದ, ಬಳ್ಳಿ, ಕುಂಡ, ಮೊಣಕಾಲು ನೋವು.

ಮರದ ಬಗ್ಗೆ ನಾನು ಏನೂ ಹೇಳಲಿಲ್ಲ. ರಾತ್ರಿ ಊಟ ಸೇರಲಿಲ್ಲ. ಹೊಟ್ಟೆ ಕೆಟ್ಟಿದೆ, ಅಷ್ಟೇ.

ಜುಲೈ 26, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯನ್ನು ಆತ ಕಚ್ಚಿದ್ದಾನೆ.

ಊಟದ ಹೊತ್ತು ದಾಟುತ್ತಲೇ ಗಾಳಿ ಎದ್ದಿತು. ನಾವು ಎರಡು ಬೀದಿ ಆಚೆ ಕೆಲಸದಲ್ಲಿದ್ದೆವು. ಧೂಳು, ಕಾಗದ, ತಗಡು ಎಲ್ಲ ಹಾರುತ್ತಿತ್ತು. ನಾನು ಇಷ್ಟು ದಿನ ಕಾದದ್ದು ಇದನ್ನೇ. ನೆಲದ ಮೇಲೆ ಕೂತು, ಈಗ ಮಲಗಿರುತ್ತಾನೆ, ಈಗ, ಈಗ ಎಂದುಕೊಂಡೆ. ಆಮೇಲೆ ಕೊಡಲಿ ಕೈಯಲ್ಲಿ ಹಿಡಿದು ಓಡುತ್ತಿದ್ದೆ. ನಾದಿನಿ ಹಿಂದಿನಿಂದ, "ಅತ್ತಿಗೆ, ಬೇಡ, ಕೊಲ್ಬೇಡಿ" ಎಂದು ಕೂಗುತ್ತಾ ಓಡಿ ಬಂದಳು.

ಅಂಗಳಕ್ಕೆ ತೆರೆಯುವ ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ. "ಮಲಗಿದೀನಿ, ಆಮೇಲೆ ಬನ್ನಿ" ಎಂದು ಒಳಗಿನಿಂದ ದನಿ. ಹೊರಗೆ ಮರ ನರಳುತ್ತಿತ್ತು. ಕೊಡಲಿ ಬೀಸಿದೆ. ಮೂರನೇ ಏಟಿಗೆ ಹಲಗೆ ಸೀಳಿತು, ಕೈ ತೂರಿಸಿ ಚಿಲಕ ತೆಗೆದೆ. ಆತ ಮಂಚದ ಮೂಲೆಗೆ ಒತ್ತಿಕೊಂಡು ಊರುಗೋಲು ಎತ್ತಿ ನಿಂತಿದ್ದ. ಕೊಡಲಿ ಹಿಡಿದು ಬಾಗಿಲು ಒಡೆದು ಬಂದ ಹೆಂಗಸನ್ನು ಕಂಡು ಇನ್ನೇನು ತಿಳಿಯಬೇಕು? "ಹೊರಗೆ ಬನ್ರೀ" ಎಂದೆ. ಊರುಗೋಲು ನನ್ನ ಹಣೆಗೆ ಬಿತ್ತು. ರಕ್ತ ಕಣ್ಣಿಗೆ ಇಳಿಯಿತು. ಕೊಡಲಿ ಬಿಸಾಡಿ ಮುಷ್ಟಿಯಲ್ಲಿ ಹೊಟ್ಟೆಗೆ ಕೊಟ್ಟೆ. ಬಗ್ಗಿದ. ತೋಳು ಹಿಡಿದು ಎಳೆದೆ, ಆತ ಮಂಚದ ಕಾಲು ತಬ್ಬಿದ. ಕೆನ್ನೆಗೆ ಎರಡು ಬಿಟ್ಟೆ. ಆಗಲೇ ಕೈ ಕಚ್ಚಿದ್ದು. ಬಿಡಲಿಲ್ಲ ನಾನು. ಭುಜದಲ್ಲಿ ಲಟ್ ಎಂದಿತು, ಆತ ಕಿರುಚಿದ, ಹಾಗೇ ದರದರ ಎಳೆದುಕೊಂಡು ಹೊಸಿಲು ದಾಟಿಸಿ, ಮೆಟ್ಟಿಲು ಇಳಿಸಿ, ಗೇಟಿನ ಹತ್ತಿರ ಕೆಡವಿದೆ. ಅವನು ನನ್ನ ಪಾಲು. ಮರಕ್ಕೆ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

ಅಕ್ಕಪಕ್ಕದವರು ಬಂದು ನನ್ನನ್ನು ಹಿಡಿದುಕೊಂಡರು. ಒಬ್ಬ ನನ್ನ ಕೈ ಹಿಂದಕ್ಕೆ ತಿರುಚಿದ. ಗಾಳಿ ಇನ್ನೊಂದು ಸಲ ಬೀಸಿ, ಅಲ್ಲಿಗೆ ನಿಂತುಹೋಯಿತು. ಮರ ನಿಂತೇ ಇತ್ತು. ಎಲ್ಲರೂ ಮರ ನೋಡಿದರು, ನನ್ನನ್ನು ನೋಡಿದರು. "ತಲೆ ಕೆಟ್ಟಿದೆ, ಗಂಡ ಬಿದ್ದಾಗಿಂದ ಹೀಗೇ" ಎಂದು ಒಬ್ಬಳು ಹೇಳಿದಳು.

ನಾದಿನಿ ಬಗ್ಗಿ ಬೇರಿನ ಅಣಬೆ ನೋಡಿದಳು, ಓಡಿಹೋಗಿ ನಮ್ಮ ಕೆಲಸದ ಚೀಲದಿಂದ ಮರದ ಸುತ್ತಿಗೆ ತಂದು ಆತನ ಸರಿಯಿದ್ದ ಕೈಗೆ ಕೊಟ್ಟಳು. ಎಬ್ಬಿಸಿ ಮರದ ಹತ್ತಿರ ನಡೆಸಿಕೊಂಡು ಹೋದಳು. "ತಟ್ಟಿ" ಎಂದಳು.

ತಟ್ಟಿದ. ಅಂಗಳದ ಕಡೆ, ಗಟ್ಟಿ. ಗೋಡೆಯ ಕಡೆ ತಟ್ಟಿದ. ಎಲ್ಲರಿಗೂ ಕೇಳಿಸಿತು. ನನ್ನ ಕೈ ತಿರುಚಿದ್ದವನು ಕೈ ಬಿಟ್ಟ. ನೆಲದ ಬಿರುಕಿನಲ್ಲಿ ಈಗ ಮುಷ್ಟಿ ಹೋಗುತ್ತಿತ್ತು.

ಆತ ನನ್ನ ಕಡೆ ತಿರುಗಿದ. "ಒಳ್ಳೆ ಮರ ಅಂದಿದ್ರಲ್ಲ."

"ಸುಳ್ಳು ಹೇಳಿದ್ದೆ."

"ಯಾಕೆ?"

"ನೀವು ಸಾಯ್ಲಿ ಅಂತ."

"ಮತ್ತೆ ಈಗ ಯಾಕೆ ಬಂದ್ರಿ?"

"ಗಾಳಿ ಬಂತಲ್ಲ" ಎಂದೆ.

ಪೊಲೀಸರು ಬಂದರು. ಆತ ಭುಜ ಹಿಡಿದುಕೊಂಡು, "ಮೆಟ್ಟಿಲಲ್ಲಿ ಜಾರಿದೆ" ಎಂದ. ಬಾಗಿಲು ನೋಡಿ ಅವರು ನಂಬಲಿಲ್ಲ, ಆದರೂ ಹೋದರು. ನಾವು ಮರಕ್ಕೆ ಹಗ್ಗ ಬಿಗಿದು ಅಂಗಳದ ದೊಡ್ಡ ಮರಕ್ಕೆ ಕಟ್ಟಿ ಬಂದೆವು. ಅಣಬೆ, ಬಿರುಕು, ಏನೇನು ಅಪಾಯ, ಯಾವ ಕಡೆ ಓಡಾಡಬಾರದು ಎಲ್ಲ ಆತನಿಗೆ ಹೇಳಿದೆ, ಕತ್ತಲಾಗುವ ತನಕ.

ಮನೆಗೆ ಬಂದ ಮೇಲೆ ಇವರು ನನ್ನ ಹಣೆ ನೋಡಿದರು, ಕೈ ನೋಡಿದರು. ನಡೆದದ್ದೆಲ್ಲ ಹೇಳಿದೆ, ಸುಳ್ಳನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಹತ್ತಿರ ಕರೆದು, ಹಲ್ಲು ಮೂಡಿದ ಕೈಗೆ ತಾವೇ ಮದ್ದು ಹಚ್ಚಿ ಬಟ್ಟೆ ಸುತ್ತಿದರು. "ಗಟ್ಟಿ ಅಂದಾಗ ನೀನು ನನ್ನ ಮುಖ ನೋಡ್ಲಿಲ್ಲ" ಎಂದರು. ನಾನು ಅತ್ತೆ. ಇವರು ಬಿದ್ದ ಮೇಲೆ ಅತ್ತಿದ್ದು ಇವತ್ತೇ.

ಆಗಸ್ಟ್ 4

ಗೋಡೆ ಪಕ್ಕದ ಮರ ಇಳಿಸಿದೆವು. ಟೊಳ್ಳು ಮರಕ್ಕೆ ಹತ್ತುವ ಹಾಗಿಲ್ಲ. ದೊಡ್ಡ ಮರಕ್ಕೆ ಹತ್ತಿ, ಅಲ್ಲಿಂದ ಹಗ್ಗದಲ್ಲಿ ತೂಗಿಕೊಂಡು ಕಡಿಯಬೇಕು. ಹಾಗೆಂದರೆ ಇವರು ಬಿದ್ದ ಕೊಂಬೆಯಿಂದಲೇ.

ಅಲ್ಲಿ ಇವರ ಕೊಂಡಿ ಉಜ್ಜಿದ ಗುರುತು ಹಾಗೇ ಇತ್ತು. ಅದರ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತೆ. ಕೆಳಗೆ ಅವರು, ನಾನು ಎಳೆದು ಕೆಡಿಸಿದ ತೋಳಿಗೆ ಜೋಳಿಗೆ ಕಟ್ಟಿಕೊಂಡು ನಿಂತಿದ್ದರು. ಬಾಯಿ ಬಿಟ್ಟರೆ ನಿಮ್ಮನ್ನೇ ಕಂಬಕ್ಕೆ ಕಟ್ಟುತ್ತೇನೆ ಎಂದು ನಾದಿನಿ ಮೊದಲೇ ಹೇಳಿದ್ದಳು.

ನಾನು ಕೊಂಡಿ ಬದಲಿಸುತ್ತಿದ್ದೆ. "ಹಾಗೇ ಒಂಚೂರು..." ಎಂದು ಕೆಳಗಿನಿಂದ ಬಂತು, ಅಷ್ಟಕ್ಕೇ ನಿಂತಿತು. ನಾನು ತಿರುಗಲಿಲ್ಲ. ಹೊಸ ಕೊಂಡಿ ಹಾಕಿದೆ, ಎಳೆದು ನೋಡಿದೆ, ಹಳೆಯದು ಬಿಚ್ಚಿದೆ, ಅದನ್ನೂ ಹಾಕಿದೆ, ಎಳೆದು ನೋಡಿದೆ. ಆಮೇಲೆ, "ಈಗ ಕೇಳಿ" ಎಂದೆ.

"ಅವತ್ತು ನಿಮ್ಮ ಯಜಮಾನ್ರು ಅಲ್ಲಿಂದ ಏನೋ ಹೇಳಕ್ಕೆ ಬಾಯಿ ತೆಗೆದಿದ್ರು. ಏನಂತ?"

ಉದ್ದ ಹಗ್ಗ ಹಾಕಿಕೊಂಡಿದ್ದೆ, ಹೊರಕ್ಕೆ ಬಗ್ಗಿ ನೋಡಿದೆ. ನೆಲದಿಂದ ನೋಡಿದಾಗ ಆ ಮರ ಹಸಿರು. ಇಲ್ಲಿಂದ ನೋಡಿದರೆ ತಲೆಯೆಲ್ಲ ಒಣಗಿ ಪೊರಕೆಯಾಗಿದೆ. ಇನ್ನೊಂದು ಮೊಳ ಬಗ್ಗಿದೆ. ಒಣಗಿದ ತಲೆಯ ನೇರ ಕೆಳಗೆ ಆ ಕೋಣೆಯ ಮಾಡು, ಕಿಟಕಿ, ಕಿಟಕಿಯೊಳಗೆ ಮಂಚದ ಅಂಚು. ಅವತ್ತು ಇವರ ಹಗ್ಗ ಗಿಡ್ಡ. ಅಷ್ಟು ಬಗ್ಗಬೇಕಾದರೆ ಕೊಂಡಿ ತೆಗೆಯದೆ ಆಗುತ್ತಿರಲಿಲ್ಲ.

"ಆ ರೂಮಲ್ಲಿ ಮಲಗ್ಬೇಡಿ ಅಂತ" ಎಂದೆ.

ಕೆಳಗೆ ಅವರು ನೆಲದ ಮೇಲೆ ಕೂತುಬಿಟ್ಟರು. ನಾದಿನಿ ಹಗ್ಗ ಬಿಗಿ ಹಿಡಿದಳು, ನಾನು ಗರಗಸ ಶುರುಮಾಡಿದೆ.

ಸಂಜೆ ಇವರಿಗೆ ಕಂಡದ್ದನ್ನು ಹೇಳಿದೆ. ಒಣಗಿದ ತಲೆ, ಮಾಡು, ಮಂಚ. ಇವರು ಕಣ್ಣು ಮುಚ್ಚಿ ಕೇಳಿದರು. "ಹೌದು. ಅದೇ" ಎಂದರು. ಕಣ್ಣು ತೆರೆದು, "ಅವರಿಗೆ ಹೇಳಿದ್ಯಾ?" ಎಂದರು.

"ಹೇಳಿದೆ."

"ಹೇಳಿದ್ದಕ್ಕೆ ಫೀಸು?"

"ಮರೆತೆ" ಎಂದೆ. ನಿಜವಾಗಿಯೂ ಮರೆತುಹೋಗಿತ್ತು.